117 ಕ್ಯಾಚ್ ಹಿಡಿದವನು 67ನೇ ಪಿಕ್, 56 ಹಿಡಿದವನು 10ನೇ ಪಿಕ್: ಕಾಲೇಜು ಟೈಟ್ ಎಂಡ್‌ನ ಅಳೆಯೋದು ಹೇಗೆ?

ಕೆಂಗೇರಿ_ಕೋಲ್ಟ್
ಎನ್‌ಎಫ್‌ಎಲ್ ಡ್ರಾಫ್ಟ್ ಅಂದ್ರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನ ಸರದಿ ಪ್ರಕಾರ ಆರಿಸೋದು, ಒಂದೊಂದು ಆಯ್ಕೆ ಒಂದು ಪಿಕ್. ಟೈಟ್ ಎಂಡ್ ಅಂದ್ರೆ ಎದುರಾಳಿಯನ್ನ ತಳ್ಳಿ ತಡೆಯೋದು (ಬ್ಲಾಕ್), ಪಾಸ್ ಹಿಡಿಯೋದು ಎರಡೂ ಮಾಡೋನು. 2025ರ ಡ್ರಾಫ್ಟ್‌ನ ಮೂರು ಟೈಟ್ ಎಂಡ್‌ಗಳ ಕೊನೇ ಕಾಲೇಜು ಸೀಸನ್ ಪಕ್ಕಪಕ್ಕ ಇಟ್ಟು ನೋಡಿ:

ಹೆರಾಲ್ಡ್ ಫ್ಯಾನಿನ್ ಜೂನಿಯರ್, ಬೌಲಿಂಗ್ ಗ್ರೀನ್. 117 ಕ್ಯಾಚ್, 1,555 ಯಾರ್ಡ್. ಕಾಲೇಜು ಮೇಲ್ದರ್ಜೆಯಲ್ಲಿ ಟೈಟ್ ಎಂಡ್‌ಗೆ ಎರಡೂ ದಾಖಲೆ. ಹೋಗಿದ್ದು ಮೂರನೇ ರೌಂಡ್, 67ನೇ ಪಿಕ್, ಕ್ಲೀವ್‌ಲ್ಯಾಂಡ್‌ಗೆ.
ಟೈಲರ್ ವಾರನ್, ಪೆನ್ ಸ್ಟೇಟ್. 104 ಕ್ಯಾಚ್, 1,233 ಯಾರ್ಡ್, ಮ್ಯಾಕಿ ಪ್ರಶಸ್ತಿ (ವರ್ಷದ ಅತ್ಯುತ್ತಮ ಕಾಲೇಜು ಟೈಟ್ ಎಂಡ್‌ಗೆ). 14ನೇ ಪಿಕ್, ಇಂಡಿಯಾನಾಪೊಲಿಸ್.
ಕೋಲ್ಸ್ಟನ್ ಲವ್‌ಲ್ಯಾಂಡ್, ಮಿಷಿಗನ್. 56 ಕ್ಯಾಚ್, 582 ಯಾರ್ಡ್. 10ನೇ ಪಿಕ್, ಶಿಕಾಗೋ.

ಅಂದ್ರೆ ಪಟ್ಟಿ ಪೂರ್ತಿ ತಲೆಕೆಳಗು. ಸ್ಕೌಟ್‌ಗಳು ಏನು ನೋಡ್ತಾರೆ? ನಾವು ಮನೇಲಿ ಕೂತು ನೋಡೋವಾಗ ಯಾವುದನ್ನ ಎಣಿಸಬೇಕು, ಯಾವುದನ್ನ ಬಿಡಬೇಕು? "ಟ್ಯಾಲೆಂಟ್ ಇದೆ" ಥರ ಉತ್ತರ ಬೇಡ, ದಯವಿಟ್ಟು.

ಸಾಲು_ಹಿಡಿ
ಕ್ಯಾಚ್ ಎಣಿಸೋಕೆ ಮುಂಚೆ ಸ್ನ್ಯಾಪ್ (ಬಾಲ್ ಹಿಂದಕ್ಕೆ ಕೊಟ್ಟು ಆಟ ಶುರುವಾಗೋ ಕ್ಷಣ) ಹೊತ್ತಿಗೆ ಅವನು ಎಲ್ಲಿ ನಿಂತಿದ್ದ ಅಂತ ಎಣಿಸಿ ಗುರು. ಟ್ಯಾಕಲ್ (ಲೈನ್ ತುದಿಯ ಲೈನ್‌ಮನ್) ಪಕ್ಕದಲ್ಲೇ ಕೈ ನೆಲಕ್ಕೂರಿ ನಿಂತ್ರೆ ಇನ್‌ಲೈನ್. ಅಲ್ಲಿಂದ ಒಂದು ಹೆಜ್ಜೆ ಹೊರಗೆ, ಒಂದು ಹೆಜ್ಜೆ ಹಿಂದೆ ಅಂದ್ರೆ ವಿಂಗ್. ಆಮೇಲೆ ಸ್ಲಾಟ್, ಅಂದ್ರೆ ಲೈನ್‌ಗೂ ಹೊರಗಿನ ರಿಸೀವರ್‌ಗೂ ನಡುವಿನ ಜಾಗ. ಆಮೇಲೆ ಸೈಡ್‌ಲೈನ್ ಕಡೆ ಒಬ್ಬನೇ. ಒಂದು ಹಾಳೇಲಿ ನಾಲ್ಕು ಕಾಲಂ ಎಳೆದು ನಾಲ್ಕು ಪಂದ್ಯ ನೋಡಿದ್ರೆ ಸಾಕು, ಹುಡುಗ ನಿಜಕ್ಕೂ ಟೈಟ್ ಎಂಡೋ ಅಥವಾ ದಪ್ಪ ರಿಸೀವರೋ ಗೊತ್ತಾಗುತ್ತೆ.

ಇದು ಬರೀ ಹೆಸರಿನ ಜಗಳ ಅಲ್ಲ, ದುಡ್ಡಿನ ಜಗಳ. 2014ರಲ್ಲಿ ನ್ಯೂ ಆರ್ಲಿಯನ್ಸ್ ಜಿಮ್ಮಿ ಗ್ರಹಾಂಗೆ ಫ್ರಾಂಚೈಸ್ ಟ್ಯಾಗ್ ಹಾಕ್ತು (ಒಪ್ಪಂದ ಮುಗಿದವನನ್ನ ಅವನ ಜಾಗಕ್ಕೆ ನಿಗದಿಯಾದ ಸಂಬಳಕ್ಕೆ ಒಂದು ವರ್ಷ ಉಳಿಸ್ಕೊಳ್ಳೋದು). ಟೈಟ್ ಎಂಡ್ ಟ್ಯಾಗ್ ಸುಮಾರು 70 ಲಕ್ಷ ಡಾಲರ್, ರಿಸೀವರ್ ಟ್ಯಾಗ್ 1.2 ಕೋಟಿ ಡಾಲರ್ ಮೇಲೆ. "ನಾನು ಹೆಚ್ಚಿನ ಸ್ನ್ಯಾಪ್ ಸ್ಲಾಟ್‌ನಲ್ಲಿ, ಹೊರಗಡೆ ನಿಂತಿದ್ದೀನಿ, ನನ್ನನ್ನ ರಿಸೀವರ್ ಅನ್ನಿ" ಅಂತ ಅವನ ವಾದ. ಮಧ್ಯಸ್ಥಗಾರ ಒಪ್ಪಲಿಲ್ಲ, ಟೈಟ್ ಎಂಡ್ ಅಂತಲೇ ತೀರ್ಪು ಬಂತು.

ಧಾರವಾಡ_ಡೈನಾಸ್ಟಿ
ಹಂಗಂದ್ರ ಕ್ಯಾಚ್ ಹಿಡಿಯೂದು ಲೆಕ್ಕಕ್ಕ ಇಲ್ಲಂತೀರೇನ್ರಿ? ಫ್ಯಾನಿನ್ 2024ರಾಗ ಪೆನ್ ಸ್ಟೇಟ್ ಮ್ಯಾಲ 11 ಕ್ಯಾಚ್, 137 ಯಾರ್ಡ್ ಹೊಡದಾನ. ಟೆಕ್ಸಸ್ ಎ ಆ್ಯಂಡ್ ಎಂ ಮ್ಯಾಲ 8 ಕ್ಯಾಚ್, 145 ಯಾರ್ಡ್. ಇವೇನು ಓಣ್ಯಾಗಿನ ತಂಡ ಏನು?

ಸಾಲು_ಹಿಡಿ
@ಧಾರವಾಡ_ಡೈನಾಸ್ಟಿ ಇಲ್ಲ ಸರ್, ಸಣ್ಣ ಕಾನ್ಫರೆನ್ಸ್ ಹುಡುಗನ್ನ ನೋಡೋವಾಗ ಮೊದಲು ತೆಗೀಬೇಕಾದ ಟೇಪೇ ಆ ಎರಡು. ಅಲ್ಲಿ ಬಿದ್ದಿದ್ರೆ ಮೂರನೇ ರೌಂಡೂ ಸಿಗ್ತಿರಲಿಲ್ಲ. ಆದ್ರೆ ಅದೇ ಟೇಪ್‌ನಲ್ಲಿ ಅವನು ಎದುರಿನ ಎಂಡ್‌ನ (ಡಿಫೆನ್ಸ್ ಲೈನ್ ತುದಿಯವನನ್ನ) ಎಷ್ಟು ಸಲ ಒಬ್ಬನೇ ಬ್ಲಾಕ್ ಮಾಡಿದ ಅಂತ ಹುಡುಕಿ. ಅವನ ದೇಹ 6 ಅಡಿ 3 ಇಂಚು, 241 ಪೌಂಡ್, 40 ಯಾರ್ಡ್‌ಗೆ 4.71 ಸೆಕೆಂಡ್. ತೂಕಾನೂ ಇಲ್ಲ, ಆ ತೂಕಕ್ಕೆ ಸಿಗಬೇಕಾದ ವೇಗಾನೂ ಇಲ್ಲ. 67 ಬಂದಿದ್ದು ಅಲ್ಲಿಂದ.

ಕಾಲು_ನೋಡಿ_ಮೊದಲು
ಬ್ಲಾಕಿಂಗ್ ಬಗ್ಗೆ ಎಲ್ಲರೂ "ಚೆನ್ನಾಗಿ ಮಾಡ್ತಾನೆ, ಮಾಡಲ್ಲ" ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಅದರೊಳಗೆ ನಾಲ್ಕೈದು ಬೇರೆ ಬೇರೆ ಕೆಲಸ ಇವೆ, ಬೇರೆಬೇರೆಯಾಗೇ ಅಂಕ ಕೊಡಬೇಕು.

ಡೌನ್ ಬ್ಲಾಕ್ ಅಂದ್ರೆ ತನ್ನ ಒಳಗಡೆ ನಿಂತವನನ್ನ ಪಕ್ಕದಿಂದ ತಳ್ಳೋದು. ಕೋನ ತಾನಾಗೇ ಸಿಗುತ್ತೆ, 240 ಪೌಂಡ್‌ನವನೂ ಗೆಲ್ತಾನೆ. ಹೈಲೈಟ್ ವಿಡಿಯೋದಲ್ಲಿ ಎದುರಾಳಿ ಅಂಗಾತ ಬೀಳೋದು ಬಹುತೇಕ ಇದೇ. ಮೋಸ ಹೋಗಬೇಡಿ.

ರೀಚ್ ಬ್ಲಾಕ್ ನಿಜವಾದ ಪರೀಕ್ಷೆ. ಎದುರಿನ ಎಂಡ್ ನಿಮ್ಮ ಹೊರ ಭುಜದ ಮೇಲೆ ನಿಂತಿರ್ತಾನೆ, ನೀವು ಅವನನ್ನ ದಾಟಿ ಸೊಂಟವನ್ನ ಅವನ ಹೊರಗಡೆಗೆ ತರಬೇಕು. ಮೊದಲ ಹೆಜ್ಜೆ ಪಕ್ಕಕ್ಕೆ, ಆರು ಇಂಚು, ಅಷ್ಟೇ. ಎರಡನೇ ಕಾಲು ನೆಲ ಮುಟ್ಟಿದ ಮೇಲೆ ಡಿಕ್ಕಿ ಆಗಬೇಕು. ಕಾಲೇಜು ಹುಡುಗರು ಮೊದಲ ಹೆಜ್ಜೇನೇ ಒಂದೂವರೆ ಅಡಿ ಹಾಕ್ತಾರೆ. ಡಿಕ್ಕಿ ಹೊತ್ತಿಗೆ ಒಂಟಿ ಕಾಲಲ್ಲಿ ಇರ್ತಾರೆ, 270 ಪೌಂಡ್‌ನ ಎಂಡ್ ಕೈ ನೀಟಿ ಒಳಕ್ಕೆ ಎಸೀತಾನೆ, ಔಟ್‌ಸೈಡ್ ಝೋನ್ (ಬಾಲ್ ಹಿಡಿದು ಹೊರಗಡೆಗೆ ಓಡೋ ಆಟ) ಅಲ್ಲೇ ಸತ್ತುಹೋಗುತ್ತೆ.

ಸಿಫ್ಟ್ ಅಂದ್ರೆ ವಿಂಗ್ ಜಾಗದಿಂದ ಲೈನ್ ಹಿಂದೆ ಅಡ್ಡ ಓಡಿ ಆ ಕಡೆ ಕೊನೆಯವನಿಗೆ ಗುದ್ದೋದು. ಇಲ್ಲಿ ಬಲಕ್ಕಿಂತ ಕಣ್ಣು ಮುಖ್ಯ. ಆ ಎಂಡ್ ಒಳಗೆ ನುಗ್ತಾನೋ, ಅಲ್ಲೇ ನಿಲ್ತಾನೋ ಓಡ್ತಾ ಓಡ್ತಾನೇ ನೋಡ್ಕೊಂಡು ಯಾವ ಭುಜ ಹಾಕಬೇಕು ಅಂತ ತೀರ್ಮಾನಿಸಬೇಕು. ತಲೆ ತಗ್ಗಿಸಿ ಓಡೋನು ಗಾಳಿಗೆ ಗುದ್ದಿ ಬೀಳ್ತಾನೆ.

ಆಮೇಲೆ ಕಾಂಬೋ: ಟ್ಯಾಕಲ್ ಜೊತೆ ಸೇರಿ ಒಬ್ಬನನ್ನ ಒತ್ತಿ, ಸರಿಯಾದ ಹೊತ್ತಿಗೆ ಬಿಟ್ಟು ಲೈನ್‌ಬ್ಯಾಕರ್ (ಲೈನ್ ಹಿಂದೆ ನಿಲ್ಲೋ ಡಿಫೆಂಡರ್) ಹತ್ರ ಹೋಗೋದು. ಬೇಗ ಬಿಟ್ರೆ ಟ್ಯಾಕಲ್ ಒದ್ದಾಡ್ತಾನೆ, ತಡ ಆದ್ರೆ ಲೈನ್‌ಬ್ಯಾಕರ್ ಬಾಲ್ ಹತ್ರ ಇರ್ತಾನೆ.

ತಪ್ಪುಗಳಲ್ಲಿ ತಿದ್ದಬಹುದಾದದ್ದು ಯಾವುದು, ತಿದ್ದಕ್ಕಾಗದ್ದು ಯಾವುದು ಅನ್ನೋದು ಮುಂದಿನ ಪ್ರಶ್ನೆ. ಕೈ ಅಗಲವಾಗಿ ಹೋಗಿ ಭುಜ ತಬ್ಬೋದು ತಿದ್ದಬಹುದು (ತಿದ್ದದಿದ್ರೆ ಪ್ರತಿ ಸಲ ಹೋಲ್ಡಿಂಗ್, 10 ಯಾರ್ಡ್). ಹೆಜ್ಜೆ ಉದ್ದ ತಿದ್ದಬಹುದು. ಡಿಕ್ಕಿ ಆದ ಕ್ಷಣ ಕಾಲು ನಿಂತುಹೋಗೋದು ಇದೆಯಲ್ಲ, ಅದು ನಾಲ್ಕೂ ಪಂದ್ಯದಲ್ಲಿ ಕಂಡ್ರೆ ನಾನಂತೂ ಒಂದು ರೌಂಡ್ ಇಳಿಸ್ತೀನಿ.

ಮಲ್ನಾಡ್_ಪ್ಯಾಕರ್
ಮಾರಾಯ್ರೆ, ಇಷ್ಟೆಲ್ಲ ನೋಡ್ಲಿಕ್ಕೆ ನಮಗೆ ಆಲ್-22 (22 ಆಟಗಾರರೂ ಕಾಣೋ ವಿಡಿಯೋ) ಎಲ್ಲಿ ಸಿಗ್ತದೆ? ಕಾಲೇಜು ಪಂದ್ಯಗಳದ್ದು ಕೋಚ್‌ಗಳ ಹತ್ರ ಮಾತ್ರ.

ಕಾಲು_ನೋಡಿ_ಮೊದಲು
ಬ್ಲಾಕಿಂಗ್‌ಗೆ ಆಲ್-22 ಬೇಕಾಗಿಲ್ಲ. ಟಿವಿ ಕ್ಯಾಮೆರಾ ಸ್ನ್ಯಾಪ್ ಹೊತ್ತಿಗೆ ಲೈನ್ ಮೇಲೇ ಇರುತ್ತೆ, ಇನ್‌ಲೈನ್ ನಿಂತವನ ಕಾಲು ಕೈ ಎಲ್ಲ ಕಾಣುತ್ತೆ. ಟಿವೀಲಿ ಕಾಣದೇ ಹೋಗೋದು ರೂಟ್, ಅಂದ್ರೆ ಪಾಸ್‌ಗಾಗಿ ಅವನು ಓಡೋ ದಾರಿ. 12-15 ಯಾರ್ಡ್ ದಾಟಿದ ಮೇಲೆ ಅವನು ಚೌಕಟ್ಟಿನಿಂದ ಹೊರಗೆ. ಎಂಡ್ ಝೋನ್ ಕೋನದ ರೀಪ್ಲೇ ಬಂದಾಗ ಮಾತ್ರ ಸಿಗುತ್ತೆ, ಅದನ್ನ ಬಿಡಬೇಡಿ. ಒಂದೇ ಆಟವನ್ನ ಮೂರು ಸಲ ನೋಡಿ: ಒಂದ್ಸಲ ಕಾಲು, ಒಂದ್ಸಲ ಕೈ, ಕೊನೇಲಿ ಫಲಿತಾಂಶ. ಫಲಿತಾಂಶ ಮೊದಲು ನೋಡಿದ್ರೆ ಕಣ್ಣು ಸುಳ್ಳು ಹೇಳುತ್ತೆ.

ಜಯನಗರ_4ನೇ_ಡೌನ್
ವಿಕೆಟ್ ಕೀಪರ್-ಬ್ಯಾಟ್ಸ್‌ಮನ್ ಇದ್ದ ಹಾಗೆ ಅನ್ನಿ. 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಗ್ಲೌಸ್ ಹಾಕಿದ್ದಕ್ಕೆ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಕ್ಕಿದ.

ಸಾಲು_ಹಿಡಿ
ಪರವಾಗಿಲ್ಲ, ಒಪ್ಪಬಹುದು. ಟೈಟ್ ಎಂಡ್ ಬ್ಲಾಕ್ ಮಾಡ್ತಾನೆ ಅಂತ ಎದುರಿನವರು ನಂಬಿದ್ರೆ ಮೂರನೇ ಲೈನ್‌ಬ್ಯಾಕರ್‌ನ ಮೈದಾನದಲ್ಲಿ ಇಟ್ಕೋಬೇಕು, ಆಗ ಪಾಸ್‌ಗೆ ನಿಧಾನದವನು ಎದುರಿಗೆ ಸಿಗ್ತಾನೆ. ನಂಬದಿದ್ರೆ ನಿಕಲ್ ಕಾರ್ನರ್ (ಲೈನ್‌ಬ್ಯಾಕರ್ ಬದಲು ಬರೋ ವೇಗದ ಪಾಸ್ ಡಿಫೆಂಡರ್) ಕಳಿಸ್ತಾರೆ, ನಮ್ಮವನು ಬರೀ ಒಬ್ಬ ನಿಧಾನ ರಿಸೀವರ್. ಲವ್‌ಲ್ಯಾಂಡ್‌ಗೆ ಬೆಲೆ ಬಂದಿದ್ದೂ ಇದಕ್ಕೇ. ಮಿಷಿಗನ್‌ನಲ್ಲಿ ಇನ್‌ಲೈನ್ ನಿಂತು, ವಿಂಗ್ ನಿಂತು, ಎರಡು ಟೈಟ್ ಎಂಡ್ ಆಟದಲ್ಲಿ ಪಳಗಿದವನು.

ಡೆಟ್ರಾಯಿಟ್_ದೊಡ್ಮನೆ
ಲವ್‌ಲ್ಯಾಂಡ್ ಅಂಕಿಗಳನ್ನ ತಂಡದ ಅಂಕಿಗಳ ಪಕ್ಕ ಇಟ್ಟು ನೋಡಿ ಸ್ವಾಮಿ. 2024ರ ಮಿಷಿಗನ್ ಪಾಸಿಂಗ್ ದೇಶದಲ್ಲೇ ತಳದ ಸಾಲು, ಪಂದ್ಯಕ್ಕೆ 130 ಯಾರ್ಡ್ ಆಸುಪಾಸು. ಡೇವಿಸ್ ವಾರನ್, ಅಲೆಕ್ಸ್ ಒರ್ಜಿ, ಜ್ಯಾಕ್ ಟಟಲ್ ಅಂತ ಮೂರು ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯೋರು) ಬದಲಾದರು. ಅಂಥದ್ರಲ್ಲಿ 10 ಪಂದ್ಯ ಆಡಿ ಇಡೀ ತಂಡದ ಪಾಸಿಂಗ್ ಯಾರ್ಡ್‌ನಲ್ಲಿ ಮೂರನೇ ಒಂದು ಪಾಲು ಇವನೊಬ್ಬನದೇ. ಎದುರಿನವರಿಗೆಲ್ಲ ಬಾಲ್ ಯಾರಿಗೆ ಬರುತ್ತೆ ಅಂತ ಗೊತ್ತು, ಆದ್ರೂ ಬಿಡಿಸ್ಕೊಂಡು ಹೋಗ್ತಿದ್ದ. ಒಟ್ಟು ಕ್ಯಾಚ್ ಬೇಡ, ಪಾಲು ನೋಡಿ. ಇನ್ನೊಂದು, ಓಡಿದ ಪ್ರತಿ ರೂಟ್‌ಗೆ ಎಷ್ಟು ಯಾರ್ಡ್ ಅನ್ನೋ ಲೆಕ್ಕ. ಕಾಲೇಜಲ್ಲಿ 2 ದಾಟಿದ್ರೆ ಕಿವಿ ನೆಟ್ಟಗೆ ಮಾಡಿ.

ಧಾರವಾಡ_ಡೈನಾಸ್ಟಿ
ಆ ಲೆಕ್ಕದಾಗೂ ಫ್ಯಾನಿನ್ ಮುಂದ ಇದ್ದಾನ್ರೀ. ನೀವು ನಿಮಗ ಬೇಕಾದಾಗ ಅಂಕಿ ಹಿಡೀತೀರಿ, ಬ್ಯಾಡಾದಾಗ ಬಿಡ್ತೀರಿ.

ಡೆಟ್ರಾಯಿಟ್_ದೊಡ್ಮನೆ
ಮುಂದೆ ಇದ್ದಾನೆ, ಯಾರು ಇಲ್ಲ ಅಂದ್ರು? ಅದಕ್ಕೇ ನನ್ನ ಪಟ್ಟೀಲಿ ಅವನು ಎರಡನೇ ರೌಂಡ್. ಅವನಿಗಿಂತ ಮುಂಚೆ ಮೇಸನ್ ಟೇಲರ್ 42, ಟೆರೆನ್ಸ್ ಫರ್ಗ್ಯುಸನ್ 46, ಎಲೈಜಾ ಅರೋಯೋ 50 ಹೋಗಿದ್ದು ನನಗೂ ಒಪ್ಪಿಗೆ ಇಲ್ಲ.

ಹ್ಯಾಶ್_ಲೆಕ್ಕ
ಒಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಕಾಲೇಜು ಮೈದಾನ, ಎನ್‌ಎಫ್‌ಎಲ್ ಮೈದಾನ ಅಗಲ ಒಂದೇ, 160 ಅಡಿ. ಆದ್ರೆ ಹ್ಯಾಶ್ ಗುರುತುಗಳ ನಡುವಿನ ಅಂತರ ಕಾಲೇಜಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಬಾಲ್ ಒಂದು ಹ್ಯಾಶ್ ಮೇಲಿದ್ರೆ ಕಾಲೇಜಲ್ಲಿ ಅಗಲದ ಕಡೆ 100 ಅಡಿ ಖಾಲಿ ಜಾಗ. ಎನ್‌ಎಫ್‌ಎಲ್‌ನಲ್ಲಿ 89 ಅಡಿ ಚಿಲ್ಲರೆ. ಅಗಲದ ಕಡೆ ಸ್ಲಾಟ್‌ನಲ್ಲಿ ನಿಂತು "ಆರಾಮಾಗಿ ಬಿಡಿಸ್ಕೊಂಡ" ಅನ್ನಿಸೋ ಎಷ್ಟೋ ಕ್ಯಾಚ್‌ಗಳಲ್ಲಿ ಅರ್ಧ ಶ್ರೇಯಸ್ಸು ಆ 11 ಅಡಿಗೆ ಹೋಗಬೇಕು.

ಇನ್ನೊಂದು ಆರ್‌ಪಿಒ (ರನ್ನೋ ಪಾಸೋ ಅಂತ ಕ್ವಾರ್ಟರ್‌ಬ್ಯಾಕ್ ಸ್ನ್ಯಾಪ್ ಆದ ಮೇಲೆ ಆರಿಸೋ ಆಟ). ಕಾಲೇಜಲ್ಲಿ ಪಾಸ್ ಎಸೆಯೋ ಹೊತ್ತಿಗೆ ಲೈನ್‌ಮನ್ 3 ಯಾರ್ಡ್ ಮುಂದೆ ಹೋಗಿರಬಹುದು, ಎನ್‌ಎಫ್‌ಎಲ್‌ನಲ್ಲಿ 1 ಯಾರ್ಡ್. ಲೈನ್‌ಮನ್ ನುಗ್ಗಿ ಬರ್ತಿರೋದು ನೋಡಿ ಕಾಲೇಜು ಲೈನ್‌ಬ್ಯಾಕರ್ ರನ್ ಅಂತ ಮುಂದೆ ಬರ್ತಾನೆ, ಅವನ ಬೆನ್ನ ಹಿಂದೆ ಟೈಟ್ ಎಂಡ್‌ಗೆ 8 ಯಾರ್ಡ್ ಪಾಸ್. ರೂಟ್ ಓಡೋ ಕೌಶಲವೇ ಅಲ್ಲಿ ಬೇಕಾಗಿಲ್ಲ. ಆ ಕ್ಯಾಚ್‌ಗಳನ್ನೂ, ಸ್ಕ್ರೀನ್‌ಗಳನ್ನೂ (ಬ್ಲಾಕರ್‌ಗಳನ್ನ ಮುಂದೆ ಇಟ್ಟು ಕೊಡೋ ಸಣ್ಣ ಪಾಸ್) ತೆಗೆದುಹಾಕಿ, ಉಳಿದದ್ದನ್ನ ನೋಡಿ.

ಕೆಂಗೇರಿ_ಕೋಲ್ಟ್
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಗಾದ್ರೆ ಸ್ಕ್ರೀನ್ ತೆಗೆದ್ರೆ ಬ್ರಾಕ್ ಬವರ್ಸ್ ಕಥೆ? ಜಾರ್ಜಿಯಾದಲ್ಲಿ ಅವನಿಗೆ ಸ್ಕ್ರೀನ್, ಜೆಟ್ ಸ್ವೀಪ್ (ಅಡ್ಡ ಓಡಿ ಬರೋವಾಗ ಬಾಲ್ ಕೈಗೆ ಕೊಡೋದು) ಎಲ್ಲ ಕೊಡ್ತಿದ್ರು.

ಹ್ಯಾಶ್_ಲೆಕ್ಕ
ತೆಗೆದ ಮೇಲೂ ಉಳೀತಿತ್ತು, ಅದಕ್ಕೇ 2024ರಲ್ಲಿ 13ನೇ ಪಿಕ್. ಮೂರು ಸೀಸನ್‌ಗೆ 175 ಕ್ಯಾಚ್, 2,538 ಯಾರ್ಡ್, ಎರಡು ಮ್ಯಾಕಿ. 6 ಅಡಿ 3 ಇಂಚು, 243 ಪೌಂಡ್, ಅಂದ್ರೆ ಹೆಚ್ಚುಕಡಿಮೆ ಫ್ಯಾನಿನ್ ದೇಹವೇ. ವ್ಯತ್ಯಾಸ ಕ್ಯಾಚ್ ಆದ ಮೇಲಿನ ಮೊದಲ ಎರಡು ಹೆಜ್ಜೆ. ಬವರ್ಸ್ ಬಾಲ್ ಹಿಡಿಯೋದು, ತಿರುಗೋದು, ಪೂರ್ತಿ ವೇಗಕ್ಕೆ ಬರೋದು ಮೂರೂ ಒಂದೇ ಚಲನೆ. ರೇಡರ್ಸ್‌ನಲ್ಲಿ ಮೊದಲ ವರ್ಷವೇ 112 ಕ್ಯಾಚ್, 1,194 ಯಾರ್ಡ್. ಮೈಕ್ ಡಿಟ್ಕಾ 1961ರಲ್ಲಿ ಮಾಡಿದ್ದ ಹೊಸಬ ಟೈಟ್ ಎಂಡ್‌ನ 1,076 ಯಾರ್ಡ್ ದಾಖಲೆ ಹೋಯ್ತು.

ಮಲ್ನಾಡ್_ಪ್ಯಾಕರ್
ಅದೇ ರೇಡರ್ಸ್ ಅದರ ಹಿಂದಿನ ವರ್ಷ ಮೈಕಲ್ ಮೇಯರ್‌ನ 35ಕ್ಕೆ ತಗೊಂಡಿತ್ತಲ್ಲ? ನೋಟ್ರ ಡೇಮ್‌ನಲ್ಲಿ 180 ಕ್ಯಾಚ್ ಹಿಡಿದವ. "ಸಂಪೂರ್ಣ ಟೈಟ್ ಎಂಡ್" ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಡೆಟ್ರಾಯಿಟ್_ದೊಡ್ಮನೆ
ಅದಕ್ಕಿಂತ ಒಂದೇ ಒಂದು ಪಿಕ್ ಮುಂಚೆ, 34ಕ್ಕೆ, ಡೆಟ್ರಾಯಿಟ್ ಸ್ಯಾಮ್ ಲಪೋರ್ಟಾನ ತಗೊಳ್ತು. ಮೊದಲ ವರ್ಷ 86 ಕ್ಯಾಚ್, 889 ಯಾರ್ಡ್, 10 ಟಚ್‌ಡೌನ್. ಮೇಯರ್ 4.70 ಓಡಿದ್ದ, ಲಪೋರ್ಟಾ 4.59. ಟೇಪ್‌ನಲ್ಲಿ ಮೇಯರ್ ಗೆಲ್ತಿದ್ದ ರೀತಿ ನೋಡಿ: ಮೈ ಅಡ್ಡ ಹಾಕಿ, ಬೆನ್ನ ಮೇಲೆ ಡಿಫೆಂಡರ್ ಹೊತ್ಕೊಂಡೇ ಕ್ಯಾಚ್. ಕಾಲೇಜು ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಲ್ಲೋ ಡಿಫೆಂಡರ್) ಮೇಲೆ ಅದು ನಡೆಯುತ್ತೆ. ಎನ್‌ಎಫ್‌ಎಲ್‌ನಲ್ಲಿ ಅದೇ ಕ್ಯಾಚ್‌ಗೆ ಒಂದು ಕೈ ಬಂದು ಬಾಲ್ ತಟ್ಟಿಬಿಡುತ್ತೆ. ಬಿಗಿ ಕ್ಯಾಚ್‌ಗಳು ಬಹಳ ಇದ್ರೆ "ಧೈರ್ಯಸ್ಥ" ಅಂತ ಬರೆಯೋ ಮುಂಚೆ "ಯಾಕೆ ಬಿಡಿಸ್ಕೊಳ್ಳಕ್ಕೆ ಆಗ್ತಿಲ್ಲ?" ಅಂತ ಕೇಳಿ.

ಸೀಮ್_ಸೀನ
ರೂಟ್ ಬಗ್ಗೆ ಎರಡು ಮಾತು, ಇದು ನನ್ನ ಕ್ಷೇತ್ರ.

ಮೊದಲು ರಿಲೀಸ್. ಇನ್‌ಲೈನ್‌ನಿಂದ ಹೊರಡೋವಾಗ ಎದುರಿನ ಎಂಡ್ ಕೈ ಹಾಕಿ ತಡೀತಾನೆ. ಭುಜ ತಗ್ಗಿಸಿ, ಹತ್ತಿರದ ಕೈ ಕೆಳಗಿಂದ ಮೇಲಕ್ಕೆ ಎಳೆದು ದಾಟಬೇಕು. ಒಂದು ಸೆಕೆಂಡ್ ಅಲ್ಲೇ ಸಿಕ್ಕಿಹಾಕ್ಕೊಂಡ್ರೆ ಕ್ವಾರ್ಟರ್‌ಬ್ಯಾಕ್ ಆಗಲೇ ಬೇರೆ ಕಡೆ ನೋಡಿರ್ತಾನೆ. ಕಾಲೇಜಲ್ಲಿ ಸ್ಲಾಟ್‌ನಲ್ಲೇ ಇದ್ದವನಿಗೆ ಇದು ಎಂದೂ ಎದುರಾಗಿರಲ್ಲ. ಯಾರಾದ್ರೂ ಮೈ ಮೇಲೆ ಕೈ ಹಾಕಿದ ರಿಲೀಸ್ ಎಷ್ಟು ಅಂತ ಎಣಿಸಿ. ನಾಲ್ಕು ಪಂದ್ಯದಲ್ಲಿ ಹತ್ತೂ ಸಿಗದಿದ್ರೆ ಅವನ ಬಗ್ಗೆ ಮಾತಾಡೋಕೆ ಸಾಮಗ್ರಿ ಇಲ್ಲ ಅಂತಲೇ ಅರ್ಥ.

ಆಮೇಲೆ ತಿರುವು. ಔಟ್ ರೂಟ್‌ನಲ್ಲಿ 10 ಯಾರ್ಡ್‌ಗೆ ಹೋಗಿ ಹೊರಗೆ ತಿರುಗಬೇಕು. ದೊಡ್ಡ ದೇಹದವರು ಚೂಪಾಗಿ ತಿರುಗೋಕೆ ಆಗದೆ ಕಮಾನಿನ ಹಾಗೆ 11, 12ಕ್ಕೆ ತೇಲ್ತಾರೆ. ಡಿಫೆಂಡರ್ ಅವರ ಕೆಳಗಿಂದ ನುಗ್ಗಿ ಇಂಟರ್‌ಸೆಪ್ಷನ್. ಬಯ್ಯೋದು ಕ್ವಾರ್ಟರ್‌ಬ್ಯಾಕ್‌ಗೆ. ಚೆನ್ನಾಗಿ ತಿರುಗೋನು ಕೊನೇ ಎರಡು ಹೆಜ್ಜೇಲಿ ಸೊಂಟ ತಗ್ಗಿಸ್ತಾನೆ, ತಿರುಗಿದ ಮೇಲೆ ಒಂದು ಹೆಜ್ಜೆ ಬಾಲ್ ಕಡೆಗೆ ವಾಪಸ್ ಬರ್ತಾನೆ. ಲವ್‌ಲ್ಯಾಂಡ್ 6 ಅಡಿ 6 ಇಂಚು ಇದ್ದೂ ಇದನ್ನ ಮಾಡ್ತಿದ್ದ. 10ನೇ ಪಿಕ್‌ಗೆ ಒಂದೇ ಕಾರಣ ಕೇಳಿದ್ರೆ ಇದನ್ನೇ ಹೇಳ್ತೀನಿ, ಬ್ಲಾಕಿಂಗ್ ಅಲ್ಲ.

ಝೋನ್ (ಆಳಿಗಲ್ಲ, ಜಾಗಕ್ಕೆ ಕಾವಲು) ಎದುರು ಬೇರೆ ಪರೀಕ್ಷೆ. ಇಬ್ಬರು ಲೈನ್‌ಬ್ಯಾಕರ್‌ಗಳ ಮಧ್ಯೆ ಕಿಂಡಿ ಸಿಕ್ಕಿದ ತಕ್ಷಣ ನಿಂತು ಎದೆ ತಿರುಗಿಸಬೇಕು. ಓಡ್ತಾನೇ ಇರೋನು ತಾನೇ ಹೋಗಿ ಮುಂದಿನ ಡಿಫೆಂಡರ್ ಕೈಗೆ ಸಿಕ್ಕಿಹಾಕ್ಕೊಳ್ತಾನೆ. ಟ್ರಾವಿಸ್ ಕೆಲ್ಸಿ ಇಷ್ಟು ವರ್ಷ ಬಾಳಿದ್ದು ಹೆಚ್ಚಿನಂಶ ಈ ಒಂದು ವಿದ್ಯೆಯಿಂದ.

ಜಯನಗರ_4ನೇ_ಡೌನ್
ಬಾಲ್ ಕೈಬಿಡೋದರ ಲೆಕ್ಕ?

ಸೀಮ್_ಸೀನ
ಎಷ್ಟು ಬಿಟ್ಟ ಅನ್ನೋದಕ್ಕಿಂತ ಹೇಗೆ ಬಿಟ್ಟ ಅಂತ ನೋಡಿ. ಹಿಡಿಯೋಕೆ ಮುಂಚೆನೇ ಮುಂದೆ ಓಡೋ ದಾರಿ ನೋಡಿ ಬಿಟ್ಟಿದ್ರೆ ಅಭ್ಯಾಸದಿಂದ ಸರಿಹೋಗುತ್ತೆ. ಎದೆ ಮೇಲಿನ ಬಾಲ್‌ಗೆ ಹೆಬ್ಬೆರಳು ಸೇರಿಸದೆ ಕಿರುಬೆರಳು ಸೇರಿಸ್ತಿದ್ರೆ, ಅಥವಾ ಪ್ರತೀದನ್ನೂ ಎದೆಗೆ ಒತ್ತಿ ಹಿಡೀತಿದ್ರೆ, ಕಷ್ಟ. ಹೊಡೆತ ಬರುತ್ತೆ ಅಂತ ಕೈ ಮೊಟಕು ಮಾಡ್ಕೊಳ್ಳೋನು ಇನ್ನೂ ಕಷ್ಟ. 2014ರಲ್ಲಿ ಎರಿಕ್ ಎಬ್ರನ್ 10ನೇ ಪಿಕ್, ಡೆಟ್ರಾಯಿಟ್‌ಗೆ ಹೋಗಿ ಕೈಬಿಟ್ಟೂ ಬಿಟ್ಟೂ ಹೆಸರು ಕೆಡಿಸ್ಕೊಂಡ.

ಡೆಟ್ರಾಯಿಟ್_ದೊಡ್ಮನೆ
ಆ ಹೆಸರು ಎತ್ತಬೇಡಿ ದಯವಿಟ್ಟು. 13ಕ್ಕೆ ಆರನ್ ಡೊನಾಲ್ಡ್ ಇದ್ದ, ಆಮೇಲೆ ದಿಗ್ಗಜ ಡಿಫೆಂಡರ್ ಆದವನು.

ಜಯನಗರ_4ನೇ_ಡೌನ್
ಆದ್ರೆ ಅದೇ ಎಬ್ರನ್ 2018ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋಗಿ 13 ಟಚ್‌ಡೌನ್ ಕ್ಯಾಚ್ ಹಿಡಿದ. ಯಾರು ಎಸೀತಾರೆ, ಎಲ್ಲಿ ನಿಲ್ಲಿಸ್ತಾರೆ ಅನ್ನೋದೂ ಇದೆ.

ಕ್ಯಾಪ್_ಕುಲಕರ್ಣಿ
ನೀವೆಲ್ಲ ಆಟಗಾರನ್ನ ಅಳೀತಿದ್ದೀರಿ, ಪಿಕ್‌ನ ಬೆಲೆ ಯಾರೂ ಅಳೀತಿಲ್ಲ. 2025ರಲ್ಲಿ ಟೈಟ್ ಎಂಡ್ ಫ್ರಾಂಚೈಸ್ ಟ್ಯಾಗ್ ಸುಮಾರು 1.38 ಕೋಟಿ ಡಾಲರ್, ರಿಸೀವರ್‌ದು ಸುಮಾರು 2.4 ಕೋಟಿ. ರೂಕಿ (ಹೊಸಬನ) ಸಂಬಳ ಮಾತ್ರ ಪಿಕ್ ನಂಬರ್ ಪ್ರಕಾರ, ಯಾವ ಜಾಗದವನಾದ್ರೂ ಒಂದೇ. ಅಂದ್ರೆ 10ನೇ ಪಿಕ್‌ಗೆ ಒಳ್ಳೇ ರಿಸೀವರ್ ಸಿಕ್ಕಿದ್ರೆ ವರ್ಷಕ್ಕೆ ಉಳಿಯೋ ದುಡ್ಡು ಬಹಳ, ಅಷ್ಟೇ ಒಳ್ಳೇ ಟೈಟ್ ಎಂಡ್ ಸಿಕ್ಕಿದ್ರೆ ಕಡಿಮೆ. ಕೈಲ್ ಪಿಟ್ಸ್ ಉದಾಹರಣೆ ಸಾಕು: 2021, 4ನೇ ಪಿಕ್, ಟೈಟ್ ಎಂಡ್ ಹೋದದ್ದರಲ್ಲೇ ಅತಿ ಮೇಲೆ. ಮೊದಲ ವರ್ಷ 1,026 ಯಾರ್ಡ್ ಹೊಡೆದ, ಕೆಟ್ಟ ಆಟಗಾರ ಅಲ್ಲವೇ ಅಲ್ಲ. ಆದ್ರೆ ಮುಂದಿನ ಪಿಕ್ಕೇ ರಿಸೀವರ್ ಜಮಾರ್ ಚೇಸ್. 7ಕ್ಕೆ ಟ್ಯಾಕಲ್ ಪೆನೆ ಸೂವೆಲ್.

ಇತ್ತ ಎರಡು-ಮೂರನೇ ರೌಂಡ್ ನೋಡಿ: ಗ್ರಾಂಕೌಸ್ಕಿ 42, ಕೆಲ್ಸಿ 63, ಅರ್ಟ್ಸ್ 35, ಮಾರ್ಕ್ ಆ್ಯಂಡ್ರೂಸ್ 86, ಟ್ರೇ ಮೆಕ್‌ಬ್ರೈಡ್ 55. ಬಾಲ್ಟಿಮೋರ್ 2018ರಲ್ಲಿ ಹೇಡನ್ ಹರ್ಸ್ಟ್‌ನ 25ಕ್ಕೆ ತಗೊಂಡು ಅದೇ ಡ್ರಾಫ್ಟ್‌ನಲ್ಲಿ 86ಕ್ಕೆ ಆ್ಯಂಡ್ರೂಸ್‌ನ ತಗೊಂಡಿತ್ತು. ಯಾರು ಉಳಿದ್ರು ಅಂತ ಎಲ್ಲರಿಗೂ ಗೊತ್ತು.

ಕಾಲು_ನೋಡಿ_ಮೊದಲು
ಗೆದ್ದವರ ಪಟ್ಟಿ ಮಾತ್ರ ಓದಿದ್ರೆ ಹಾಗೇ ಕಾಣೋದು. ಎರಡನೇ ರೌಂಡಲ್ಲೇ ಟ್ರಾಯ್ ನಿಕ್ಲಾಸ್ 52, ಮ್ಯಾಕ್ಸ್ ವಿಲಿಯಮ್ಸ್ 55, ಆ್ಯಡಮ್ ಶಹೀನ್ 45 ಹೋಗಿದ್ದೂ ಓದಿ. ಶಹೀನ್ ಹೋದ 2017ರಲ್ಲೇ ಜಾರ್ಜ್ ಕಿಟಲ್ 146ಕ್ಕೆ, ಐದನೇ ರೌಂಡ್.

ಮೈಸೂರ್_ನೈನರ್
ಕಿಟಲ್ ಹೆಸರು ಬಂತು, ನಾನೂ ಬಂದೆ 😄 ಅಯೋವಾದಲ್ಲಿ ಇಡೀ ಕಾಲೇಜು ಜೀವನಕ್ಕೆ 48 ಕ್ಯಾಚ್. ಫ್ಯಾನಿನ್ ಅರ್ಧ ಸೀಸನ್‌ಗಿಂತ ಕಮ್ಮಿ. 40 ಯಾರ್ಡ್ 4.52, ನಿಂತಲ್ಲಿಂದ ಉದ್ದ ಜಿಗಿತ 11 ಅಡಿ, ಜೊತೆಗೆ ಅಯೋವಾ ಝೋನ್ ರನ್ ಆಟದಲ್ಲಿ ಪ್ರತಿ ವಾರ ರೀಚ್ ಬ್ಲಾಕ್. ಕಾಗದದ ಮೇಲೆ ಎಲ್ಲ ಇತ್ತು, ಕ್ಯಾಚ್ ಒಂದು ಬಿಟ್ಟು. 2018ರಲ್ಲಿ 1,377 ಯಾರ್ಡ್.

ಧಾರವಾಡ_ಡೈನಾಸ್ಟಿ
ಅಯೋವಾ ಅಂದ್ರ ಟೈಟ್ ಎಂಡ್ ಕಾರ್ಖಾನಿ ಬಿಡ್ರಿ. ಡಲ್ಲಾಸ್ ಕ್ಲಾರ್ಕ್, ಕಿಟಲ್, ಹಾಕನ್ಸನ್, ಫ್ಯಾಂಟ್, ಲಪೋರ್ಟಾ. 2019ರಾಗ ಒಂದ ಕಾಲೇಜಿನ ಇಬ್ಬರು ಮೊದಲ ರೌಂಡಿಗೇ ಹ್ವಾದ್ರು: ಹಾಕನ್ಸನ್ 8, ಫ್ಯಾಂಟ್ 20.

ಹ್ಯಾಶ್_ಲೆಕ್ಕ
ಆ ಜೋಡಿ ಈ ಚರ್ಚೆಗೇ ಹೇಳಿ ಮಾಡಿಸಿದ ಹಾಗಿದೆ. ಫ್ಯಾಂಟ್ 4.50, ಹಾಕನ್ಸನ್ 4.70. ಒಂದೇ ತಂಡ, ಒಂದೇ ಕೋಚ್. ಆದ್ರೂ ನಿಧಾನದವನು ಮೊದಲು ಹೋದ, ಯಾಕಂದ್ರೆ ಇನ್‌ಲೈನ್ ನಿಲ್ಲಿಸಿದ್ರೂ ಅವನನ್ನ ಮೈದಾನದಿಂದ ಇಳಿಸಬೇಕಾಗಿರಲಿಲ್ಲ.

ಕೆಂಗೇರಿ_ಕೋಲ್ಟ್
ಕಂಬೈನ್ (ಡ್ರಾಫ್ಟ್‌ಗೆ ಮುಂಚಿನ ಓಟ-ಜಿಗಿತದ ಪರೀಕ್ಷೆ) ಅಂಕಿಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ? ವಾರನ್, ಲವ್‌ಲ್ಯಾಂಡ್ ಇಬ್ಬರೂ ಕಂಬೈನ್‌ನಲ್ಲಿ ಓಡಲೇ ಇಲ್ಲ ಬೇರೆ.

ಮೈಸೂರ್_ನೈನರ್
40ರ ಒಟ್ಟು ಸಮಯಕ್ಕಿಂತ ಮೊದಲ 10 ಯಾರ್ಡ್ ನೋಡಿ. ಟೈಟ್ ಎಂಡ್ ಖಾಲಿ ಮೈದಾನದಲ್ಲಿ 40 ಓಡೋದು ಸೀಸನ್‌ಗೆ ನಾಲ್ಕು ಸಲ, 10 ಓಡೋದು ಪ್ರತಿ ಆಟಕ್ಕೂ. 1.6 ಸೆಕೆಂಡ್ ಒಳಗೆ ಇದ್ರೆ ಚೆನ್ನ. ಶಟಲ್, ಮೂರು-ಕೋನ್ ಓಟ ತಿರುವಿನ ಬಗ್ಗೆ ಹೇಳುತ್ತೆ. ಎಲ್ಲವನ್ನೂ ಎತ್ತರ-ತೂಕದ ಜೊತೆ ಸೇರಿಸಿ 10ಕ್ಕೆ ಅಂಕ ಕೊಡೋ ಆರ್‌ಎಎಸ್ ಇದೆ, ಬೇಗ ಹೋಲಿಸೋಕೆ ಅನುಕೂಲ. ತೋಳಿನ ಉದ್ದ 33 ಇಂಚು ಇದ್ರೆ ಬ್ಲಾಕಿಂಗ್‌ನಲ್ಲಿ ಮೊದಲು ಕೈ ತಲುಪುತ್ತೆ.

ಆದ್ರೆ ಡಾರ್ನೆಲ್ ವಾಷಿಂಗ್ಟನ್ ನೆನಪಿರಲಿ. 6 ಅಡಿ 7 ಇಂಚು, 264 ಪೌಂಡ್, ಶಟಲ್ 4.08. ಆ ದೇಹಕ್ಕೆ ಅದು ನಂಬಕ್ಕಾಗದ ಸಮಯ. ಆದ್ರೂ 2023ರಲ್ಲಿ 93ಕ್ಕೆ ಜಾರಿದ.

ಕೆಂಗೇರಿ_ಕೋಲ್ಟ್
ಜಾರಿದ್ದು ಯಾಕೆ?

ಮೈಸೂರ್_ನೈನರ್
ಜಾರ್ಜಿಯಾದಲ್ಲಿ ಬಾಲ್ ಎಲ್ಲ ಬವರ್ಸ್ ಕಡೆಗೆ. ಇವನು ಆರನೇ ಲೈನ್‌ಮನ್ ಥರ ಬ್ಲಾಕ್ ಮಾಡ್ತಿದ್ದ, ರೂಟ್ ಟೇಪ್ ಕಮ್ಮಿ. ಡಾಕ್ಟರ್ ಕೋಣೆಯಲ್ಲಿ ಏನಾಯ್ತು ಅನ್ನೋದು ಹೊರಗಿನವರಿಗೆ ಸಿಗಲ್ಲ. ಗ್ರಾಂಕೌಸ್ಕಿ 42ಕ್ಕೆ ಸಿಕ್ಕಿದ್ದೂ ಬೆನ್ನಿನ ಸರ್ಜರಿಯಿಂದ 2009ರ ಸೀಸನ್ ಪೂರ್ತಿ ಹೋಗಿದ್ದಕ್ಕೆ. ಲವ್‌ಲ್ಯಾಂಡ್‌ಗೂ ಡ್ರಾಫ್ಟ್‌ಗೆ ಕೆಲವೇ ತಿಂಗಳ ಮುಂಚೆ ಭುಜದ ಸರ್ಜರಿ ಆಗಿತ್ತು, ಅದಕ್ಕೇ ಓಡಲಿಲ್ಲ.

ಮಲ್ನಾಡ್_ಪ್ಯಾಕರ್
ವಾರನ್ ಬಗ್ಗೆ ಯಾರೂ ಹೇಳ್ಲೇ ಇಲ್ಲ. ಐದು ವರ್ಷ ಕಾಲೇಜಲ್ಲಿದ್ದು ಕೊನೇ ವರ್ಷ ಮಾತ್ರ ಅರಳಿದವ. ತಡವಾಗಿ ಅರಳಿದವರು ಅಪಾಯ ಅಂತಾರಲ್ಲ? ಬೇರೆ ಹುಡುಗರಿಗಿಂತ ಎರಡು ವರ್ಷ ದೊಡ್ಡವ, ಬಲಿತ ದೇಹ.

ಸಾಲು_ಹಿಡಿ
ಯಾರ ಹಿಂದೆ ಕಾಯ್ತಿದ್ದ ಅಂತ ನೋಡಿ. ಬ್ರೆಂಟನ್ ಸ್ಟ್ರೇಂಜ್ 2023ರಲ್ಲಿ 61ನೇ ಪಿಕ್, ಥಿಯೋ ಜಾನ್ಸನ್ 2024ರಲ್ಲಿ 107. ಎನ್‌ಎಫ್‌ಎಲ್‌ಗೆ ಹೋದ ಇಬ್ಬರ ಜೊತೆ ಬಾಲ್ ಹಂಚ್ಕೊಂಡವನಿಗೆ "ತಡ" ಅನ್ನೋ ದೂರು ನಿಲ್ಲಲ್ಲ. ಕೆಳದರ್ಜೆ ತಂಡದಲ್ಲಿ ಪೈಪೋಟಿ ಇಲ್ಲದೆ 23ಕ್ಕೆ ಅರಳಿದವನಿಗೆ ಅದು ಒಪ್ಪುತ್ತೆ.

ನನಗೆ ವಾರನ್ ಬಗ್ಗೆ ಇದ್ದ ಅನುಮಾನ ಬೇರೆ. ಪೆನ್ ಸ್ಟೇಟ್‌ನವರು ಅವನನ್ನ ಎಲ್ಲೆಲ್ಲೋ ನಿಲ್ಲಿಸ್ತಿದ್ರು. ಹೈಸ್ಕೂಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ವೈಲ್ಡ್‌ಕ್ಯಾಟ್‌ನಲ್ಲಿ ನೇರ ಸ್ನ್ಯಾಪ್ ತಗೊಂಡು ಓಡಿ 4 ಟಚ್‌ಡೌನ್. ಯುಎಸ್‌ಸಿ ಮೇಲೆ ಸೆಂಟರ್ ಜಾಗದಲ್ಲಿ ನಿಂತು ತಾನೇ ಸ್ನ್ಯಾಪ್ ಮಾಡಿ, ತಾನೇ ಓಡಿ 32 ಯಾರ್ಡ್ ಟಚ್‌ಡೌನ್ ಹಿಡಿದ. ಆ ಪಂದ್ಯದಲ್ಲಿ 17 ಕ್ಯಾಚ್, 224 ಯಾರ್ಡ್. ನೋಡೋಕೆ ಮಜಾ. ಆದ್ರೆ ಪ್ಲಾನ್ ಮಾಡಿ ಕೈಗೆ ಕೊಟ್ಟ ಯಾರ್ಡ್ ಎಷ್ಟು, ಮ್ಯಾನ್ ಕವರೇಜ್ (ಒಬ್ಬನಿಗೆ ಒಬ್ಬ ಕಾವಲು) ಎದುರು ಸ್ವಂತ ಬಲದಿಂದ ಗೆದ್ದದ್ದು ಎಷ್ಟು ಅಂತ ಬಿಡಿಸಿದಾಗ ಲವ್‌ಲ್ಯಾಂಡ್ ಮೇಲೆ ಬರ್ತಾನೆ. ಕ್ಯಾಚ್ ಆದ ಮೇಲೆ ಮೈಮೇಲೆ ಬಿದ್ದವರನ್ನ ಕೊಡವಿ ಹಾಕೋದ್ರಲ್ಲಿ ವಾರನ್ ಮೇಲೆ.

ಸೀಮ್_ಸೀನ
ಇಲ್ಲ ಒಪ್ಪಲ್ಲ. ಐದು ಜಾಗದಲ್ಲಿ ಐದು ಕೆಲಸದ ಪಾಠ ಕಲಿತವನ ತಲೆ ಚುರುಕು ಅಂತ ಅರ್ಥ. ಟೈಟ್ ಎಂಡ್‌ಗಳು ಮೊದಲ ವರ್ಷ ಎಡವೋದು ಅಲ್ಲೇ: ರನ್ ಬ್ಲಾಕ್, ಪಾಸ್ ಪ್ರೊಟೆಕ್ಷನ್, ರೂಟ್ ಮೂರೂ ಪಾಠ ಒಟ್ಟಿಗೆ.

ಸಾಲು_ಹಿಡಿ
ಚುರುಕು ಅಂತ ಒಪ್ತೀನಿ. ಚುರುಕುತನ ಮ್ಯಾನ್ ಕವರೇಜ್ ಬಿಡಿಸಲ್ಲ.

ಕ್ಯಾಪ್_ಕುಲಕರ್ಣಿ
ಯಾವ ಕೋಚ್ ಹತ್ರ ಹೋಗ್ತಾನೆ ಅನ್ನೋದನ್ನೂ ಸೇರಿಸಿ. ಶಿಕಾಗೋಗೆ ಆ ವರ್ಷ ಬಂದ ಬೆನ್ ಜಾನ್ಸನ್ ಡೆಟ್ರಾಯಿಟ್‌ನಲ್ಲಿ ಲಪೋರ್ಟಾನ ನಡೆಸಿದವರು. ಕೋಲ್ ಕಮೆಟ್ ಆಗಲೇ ಅಲ್ಲಿದ್ರೂ ಇನ್ನೊಬ್ಬನನ್ನ 10ಕ್ಕೆ ತಗೊಂಡ್ರು ಅಂದ್ರೆ ಇಬ್ಬರನ್ನೂ ಒಟ್ಟಿಗೆ ಇಳಿಸೋ ಲೆಕ್ಕ ಇತ್ತು. ಕ್ಲೀವ್‌ಲ್ಯಾಂಡ್‌ನಲ್ಲೂ ನ್ಜೋಕು ಇರೋವಾಗಲೇ ಫ್ಯಾನಿನ್‌ನ ತಗೊಂಡಿದ್ದು. ನ್ಜೋಕು ಒಪ್ಪಂದ ಕೊನೇ ವರ್ಷದಲ್ಲಿತ್ತು.

ಧಾರವಾಡ_ಡೈನಾಸ್ಟಿ
ಅಂದ್ರ ಕಡೀಕ ನನ್ನ ಹುಡುಗಗ ಚಲೋ ಜಾಗಾನ ಸಿಕ್ಕೈತಿ ಅಂತಾತು. ಡ್ರಾಫ್ಟ್ ದಿನಕ್ಕ ಇನ್ನೂ 20 ವರ್ಷ ಇದ್ದಾಂವ, ಅದನ್ನ ಯಾರೂ ಹೇಳಲಿಲ್ಲ. ವಾರನ್‌ಗಿಂತ ಎರಡ ವರ್ಷ ಸಣ್ಣಾಂವ. ಇನ್ನ 10 ಪೌಂಡ್ ಹಾಕ್ಲಿ, ಆಮ್ಯಾಲ ಮಾತಾಡ್ರಿ.

ಕಾಲು_ನೋಡಿ_ಮೊದಲು
10 ಪೌಂಡ್ ಹಾಕಿದ್ರೆ 4.71 ಏನಾಗುತ್ತೆ ಸ್ವಾಮಿ?

ಧಾರವಾಡ_ಡೈನಾಸ್ಟಿ
ನಿಮಗ 40 ಯಾರ್ಡ್ ಓಟದ್ದ ಚಿಂತಿ. ಕೈಗೆ ಬಾಲ್ ಬಂದ ಮ್ಯಾಲ ಅವನನ್ನ ಒಬ್ಬನ ಡಿಫೆಂಡರ್ ಕೆಡವಿದ್ದು ಎಷ್ಟ ಸಲ ನೋಡೀರಿ, ಆ ಟೆಕ್ಸಸ್ ಟೇಪ್ ತೆಗದು ಎಣಿಸಿ ಬರ್ರಿ.

ಜಯನಗರ_4ನೇ_ಡೌನ್
ವಿಷಯಾಂತರಕ್ಕೆ ಕ್ಷಮೆ ಇರಲಿ, ಡ್ರಾಫ್ಟ್ ಮೊದಲ ರೌಂಡ್ ನಮ್ಮ ಸಮಯಕ್ಕೆ ಎಷ್ಟು ಗಂಟೆ?

ಮಲ್ನಾಡ್_ಪ್ಯಾಕರ್
ಅಮೆರಿಕದ ಪೂರ್ವದಲ್ಲಿ ಗುರುವಾರ ರಾತ್ರಿ 8 ಅಂದ್ರೆ ನಮಗೆ ಶುಕ್ರವಾರ ಬೆಳಿಗ್ಗೆ 5:30. ಟೈಟ್ ಎಂಡ್ ನೋಡ್ಲಿಕ್ಕೆ ಆದ್ರೆ ಶನಿವಾರ ಎದ್ದೇಳಿ ಮಾರಾಯ್ರೆ, ಎರಡು-ಮೂರನೇ ರೌಂಡ್ ಅವತ್ತು.

ಡೆಟ್ರಾಯಿಟ್_ದೊಡ್ಮನೆ
@ಕಾಲು_ನೋಡಿ_ಮೊದಲು ಈ ಸಲದ ಹುಡುಗರಿಗೆ ನಿಮ್ಮ ಆ ಬ್ಲಾಕಿಂಗ್ ಕಾಲಂಗಳನ್ನ ಶೀಟ್ ಮಾಡಿ ಹಾಕಿ. ಡೌನ್, ರೀಚ್, ಸಿಫ್ಟ್, ಕಾಂಬೋ, ಜೊತೆಗೆ ಮೈಮೇಲೆ ಕೈ ಬಿದ್ದ ರಿಲೀಸ್. ಒಬ್ಬೊಬ್ಬರು ಎರಡೆರಡು ಹುಡುಗರನ್ನ ಹಂಚ್ಕೊಳ್ಳೋಣ.

ಕಾಲು_ನೋಡಿ_ಮೊದಲು
ಹಾಕ್ತೀನಿ. ಒಂದೇ ಷರತ್ತು, ಒಬ್ಬೊಬ್ಬರಿಗೆ ಕನಿಷ್ಠ 40 ಇನ್‌ಲೈನ್ ರನ್ ಸ್ನ್ಯಾಪ್. ಯೂಟ್ಯೂಬ್ ಹೈಲೈಟ್ ನೋಡಿ ತುಂಬಿಸಿದ ಸಾಲುಗಳನ್ನ ಅಳಿಸ್ತೀನಿ.